ಕೈಪಿಡಿಯಲ್ಲಿ ಮುಳುಗಿದವಳು

ಫೆಬ್ರವರಿ 9, ಸೋಮವಾರ

ದಾರ್ ಎಸ್ ಸಲಾಮಿನ ಪ್ರಕಾಶನ ಸಂಸ್ಥೆಯ ಸಂಪಾದಕ ಗಾಸ್ಪರ್ ಮ್ಕುಡೆಗೆ ಇಂದು ಕಳುಹಿಸಿದ ಪತ್ರದ ಪ್ರತಿ:

"ಮಾನ್ಯರೇ, ಇದೇ ತಿಂಗಳ ಮೂರರಂದು ಬರೆದ ಪತ್ರದಲ್ಲಿ ನನ್ನ ಕಾದಂಬರಿ 'ಇಳಿತದ ದಾರಿ'ಯ ಮೊದಲ ಮುದ್ರಣ 1986ರಲ್ಲಿ ಆಯಿತೆಂದು ತಿಳಿಸಿದ್ದೆ. ಅದು ತಪ್ಪು. ಅದು ಅಚ್ಚಾದದ್ದು 1987ರ ಮಾರ್ಚಿನಲ್ಲಿ. ಸಂತೋಷದ ಅವಸರದಲ್ಲಿ ನಡೆದ ಪ್ರಮಾದವೆಂದರೆ ನೆಪವಾದೀತು. ಸಂತೋಷವು ಅಂಕಿಗಳನ್ನು ಕೆಡಿಸಬಾರದು. ಕ್ಷಮೆ ಬೇಡುತ್ತೇನೆ. ಇಂತು, ಹೆಮೆದಿ ಕಿಬ್ವಾನಾ, ನಿವೃತ್ತ ಸ್ವಾಹಿಲಿ ಅಧ್ಯಾಪಕ, ಟಾಂಗಾ."

ಸಂತೋಷ ಎಂಬ ಪದವನ್ನು ಬಳಸಬಾರದಿತ್ತು. ಇಪ್ಪತ್ತೆರಡು ವರ್ಷ ಈ ಪುಸ್ತಕವನ್ನು ಕೇಳುವವರಿರಲಿಲ್ಲ. ಈಗ ಯಾವುದೋ ಸಮಿತಿ ಅದನ್ನು ಪ್ರೌಢಶಾಲೆಯ ಕೊನೆಯ ತರಗತಿಗೆ ಪಠ್ಯವೆಂದು ಆರಿಸಿತೆಂಬ ಕಾರಣಕ್ಕೆ, ನಿನ್ನೆಯವರೆಗೆ ನನ್ನನ್ನು ಕಂಡು ಮುಖ ತಿರುಗಿಸುತ್ತಿದ್ದ ನೆರೆಯವನು ಬಾಗಿಲಿಗೆ ಬಂದು ಕೈಕುಲುಕಿದ. ಕಾದಂಬರಿಯ ಹೆಸರೇನೆಂದು ಕೇಳಿದೆ. ಸಮುದ್ರದ ಬಗ್ಗೆ ಏನೋ ಇರಬೇಕೆಂದ.

ಮರುಮುದ್ರಣಕ್ಕೆ ಸಂಸ್ಥೆಯಲ್ಲಿ ಪ್ರತಿಯಿಲ್ಲವಂತೆ. ನನ್ನಲ್ಲಿಯೂ ಇಲ್ಲ. ಇದ್ದ ಐದರಲ್ಲಿ ಮೂರನ್ನು ಎರವಲು ಪಡೆದ ಸ್ನೇಹಿತರು ಹಿಂದಿರುಗಿಸದೆ ತೀರಿಕೊಂಡರು. ಎರಡನ್ನು ಗೆದ್ದಲು ತಿಂದಿತು. ನನಗೆ ದೊರೆತ ಓದುಗರಲ್ಲಿ ಗೆದ್ದಲೇ ಶ್ರದ್ಧಾವಂತ. ಮೊದಲಿನಿಂದ ಕೊನೆಯವರೆಗೆ ಒಂದು ಪದವನ್ನೂ ಬಿಡಲಿಲ್ಲ.

ಮಾರ್ಚ್ 4, ಬುಧವಾರ

ಪುಸ್ತಕ ಬರುವ ಮೊದಲೇ ಪುಸ್ತಕದ ಕೈಪಿಡಿ ಬಂದಿದೆ. ಈ ದೇಶದಲ್ಲಿ ಹಾಗೆಯೇ. ವಿದ್ಯಾರ್ಥಿ ಓದುವುದು ಕೈಪಿಡಿಯನ್ನು. ಅಧ್ಯಾಪಕ ಕಲಿಸುವುದು ಕೈಪಿಡಿಯನ್ನು. ಮೌಲ್ಯಮಾಪಕ ಉತ್ತರಪತ್ರಿಕೆಯ ಪಕ್ಕದಲ್ಲಿ ತೆರೆದಿಟ್ಟುಕೊಳ್ಳುವುದೂ ಕೈಪಿಡಿಯನ್ನೇ. ಕಾದಂಬರಿಯಿಲ್ಲದೆ ಕಾರ್ಯ ಸಾಗುತ್ತದೆ. ಕಾದಂಬರಿಕಾರ ಸತ್ತಿದ್ದರೆ ಇನ್ನೂ ಸುಗಮ.

ಇದನ್ನು ಬರೆದವನು ತಿಟೋ ಶೆಮ್ವೇಟಾ. ನನ್ನ ಹಳೆಯ ಶಿಷ್ಯ. ಈಗ ಇದೇ ಊರಿನಲ್ಲಿ ದುಡಿಯುವವರಿಗಾಗಿ ಸಂಜೆಶಾಲೆ ನಡೆಸುತ್ತಾನೆ. ಕೈಪಿಡಿಯ ನಲವತ್ತಮೂರನೆಯ ಪುಟದಲ್ಲಿ ಅವನ ಆಣಿಮುತ್ತು: "ಕೊನೆಯಲ್ಲಿ ಮ್ವಾನಾಶಾ ಅಳಿವೆಯಲ್ಲಿ ಮುಳುಗಿ ಪ್ರಾಣ ತ್ಯಜಿಸುವಳು. ಈ ಮೂಲಕ ಲೇಖಕರು ತ್ಯಾಗದ ಮಹಿಮೆಯನ್ನು ಬೋಧಿಸುವರು."

ನಾನು ಏನನ್ನೂ ಬೋಧಿಸುವುದಿಲ್ಲ. ಮ್ವಾನಾಶಾ ಮುಳುಗುವುದೂ ಇಲ್ಲ. ಕತ್ತಾಳೆ ತೋಟದ ಮೇಸ್ತ್ರಿಯಾದ ಗಂಡನ ಹೊಡೆತ ತಾಳಲಾರದೆ, ಸಮುದ್ರವು ಇಳಿಯುವ ಹೊತ್ತನ್ನು ಕಾದು, ಚಪ್ಪಲಿಗಳನ್ನು ತಲೆಯ ಮೇಲಿಟ್ಟುಕೊಂಡು, ಮೊಣಕಾಲು ನೀರಿನಲ್ಲಿ ಅಳಿವೆಯನ್ನು ದಾಟಿ ಹೋಗುತ್ತಾಳೆ. ಆಚೆ ದಡದಲ್ಲಿ ಚಹದಂಗಡಿ ತೆರೆಯುತ್ತಾಳೆ. ಅದಕ್ಕಾಗಿಯೇ ಪುಸ್ತಕಕ್ಕೆ ಆ ಹೆಸರು.

ಇಸವಿಗಳನ್ನೂ ಕಲಸಿದ್ದಾನೆ. ಅವಳ ತಂದೆ 1954ರ ಡಿಸೆಂಬರಿನಲ್ಲಿ ತೀರಿಕೊಂಡ. ಕೈಪಿಡಿಯ ಪ್ರಕಾರ ಮದುವೆ 1955ರ ಜೂನಿನಲ್ಲಿ. ಆರು ತಿಂಗಳ ಹಿಂದೆ ಮಣ್ಣಾದ ತಂದೆ ಎದ್ದು ಬಂದು ಮಗಳನ್ನು ಮದುವೆ ಮಾಡಿಕೊಟ್ಟನೆಂದು ಮಕ್ಕಳು ಬಾಯಿಪಾಠ ಮಾಡುತ್ತಿರಬೇಕು.

ನೇರವಾಗಿ ಅವನ ಶಾಲೆಗೆ ಹೋದೆ. ಅವನು ಎದ್ದು ನಿಂತು, ಕುರ್ಚಿ ಒರೆಸಿ, ನಿರಾಳವಾಗಿ ವಿವರಿಸಿದ. ಶಿಕ್ಷಕರ ತರಬೇತಿ ಕಾಲೇಜಿನಲ್ಲಿದ್ದ ಏಕೈಕ ಪ್ರತಿಯನ್ನು ನಕಲುಯಂತ್ರದ ಅಂಗಡಿಯಲ್ಲಿ ತೆಗೆಸಿಕೊಂಡನಂತೆ. ಅದರಲ್ಲಿ ಕೊನೆಯ ಹಾಳೆಯೇ ಇರಲಿಲ್ಲ.

"ಹೆಂಗಸು ಒಬ್ಬಳೇ ನೀರಿಗಿಳೀತಾಳೆ, ಹಾಳೆ ಮುಗಿಯತ್ತೆ. ಆಮೇಲೆ ಏನಾಗತ್ತೆ ಮೇಷ್ಟ್ರೇ? ಈಜಿ ಬಂದು ಮೈ ಒರಸ್ಕೊಂಡ್ಲು ಅಂತ ಬರೀಬೇಕಿತ್ತಾ?"

ಇಳಿತದಲ್ಲಿ ಅಲ್ಲಿ ಆಡು ಕೂಡ ದಾಟುತ್ತದೆಂದು ಹೇಳಿದೆ.

"ನಾನು ಬೆಟ್ಟದೋನು. ನಮ್ಮ ಕಡೆ ನೀರಿಗೆ ಇಳಿತ-ಗಿಳಿತ ಇಲ್ಲ. ಬಿದ್ದೋನು ಬಿದ್ದ, ಅಷ್ಟೇ."

ನಾಲ್ಕು ವರ್ಷ ನಾನು ಕಲಿಸಿದ್ದು ಈ ಕತ್ತೆಗೆ.

ಮಾರ್ಚ್ 6, ಶುಕ್ರವಾರ

ಗಾಸ್ಪರನಿಗೆ ಹನ್ನೊಂದು ಪುಟಗಳ ಪತ್ರ. ಕೈಪಿಡಿಯನ್ನು ಸಂಪೂರ್ಣವಾಗಿ ಹಿಂದೆಗೆದುಕೊಳ್ಳಬೇಕು. ಇಲ್ಲವಾದರೆ ಪಠ್ಯಪಟ್ಟಿಯಿಂದ ನನ್ನ ಹೆಸರನ್ನು ಅಳಿಸಬೇಕು. ಎರಡರಲ್ಲೊಂದು.

ಮಾರ್ಚ್ 27, ಶುಕ್ರವಾರ

ಗಾಸ್ಪರ್ ದೂರವಾಣಿಯಲ್ಲಿ ಮಾತನಾಡಿದ. ಕೈಪಿಡಿಯ ನಲವತ್ತು ಸಾವಿರ ಪ್ರತಿಗಳು ದೇಶದ ಮೂಲೆಮೂಲೆ ತಲುಪಿವೆಯಂತೆ. ಮುಂದಿನ ವರ್ಷ ನೋಡೋಣವೆಂದ. ಆ ಧ್ವನಿಯಲ್ಲಿ ವೈದ್ಯರು ಮುದುಕರೊಡನೆ ಮಾತನಾಡುವ ಜಿಡ್ಡು ಇತ್ತು. ಎರಡನೆಯ ಬೇಡಿಕೆಯ ಬಗ್ಗೆ ಅವನು ಕೇಳಲಿಲ್ಲ, ನಾನೂ ಎತ್ತಲಿಲ್ಲ.

ಏಪ್ರಿಲ್ 18, ಶನಿವಾರ

ಮುಹೇಜಾದ ಬಾಲಕಿಯರ ಶಾಲೆಗೆ ಕರೆದೊಯ್ದಿದ್ದರು. ಮುನ್ನೂರು ಹುಡುಗಿಯರು; ಮುನ್ನೂರು ಕೈಗಳಲ್ಲಿ ಕೈಪಿಡಿ. ಮ್ವಾನಾಶಾ ಸಾಯುವುದಿಲ್ಲವೆಂದು ಸ್ಪಷ್ಟವಾಗಿ ಹೇಳಿದೆ. ಗುಸುಗುಸು ಎದ್ದಿತು. ಮುಂದಿನ ಸಾಲಿನ ಒಬ್ಬಳು ಎದ್ದು, ನನಗೆ ನೋವಾಗಬಾರದೆಂಬ ಎಚ್ಚರದಿಂದ ತಿದ್ದಿದಳು:

"ಅಜ್ಜಾ, ನಿಮಗೆ ಮರೆತುಹೋಗಿರ್ಬೇಕು. ನಲವತ್ತಮೂರನೇ ಪುಟ. ಸಾಯ್ತಾಳೆ."

ಅಧ್ಯಾಪಕಿ ನನ್ನ ಕಿವಿಯ ಬಳಿ ಬಾಗಿ, ದಯವಿಟ್ಟು ಮಕ್ಕಳ ಅಂಕ ಕೆಡಿಸಬೇಡಿರೆಂದಳು. ನಾನು ನೀರು ಕುಡಿದು ಕುಳಿತೆ. ಹೊರಡುವಾಗ ಕೈಪಿಡಿಗಳ ಮೇಲೆ ಸಹಿ ಕೇಳಿದರು. ನನ್ನದಲ್ಲದ ಪುಸ್ತಕಕ್ಕೆ ಸಹಿ ಹಾಕುವವನು ನಾನಲ್ಲವೆಂದೆ. ಹುಡುಗಿಯರು ಮುತ್ತಿಕೊಂಡದ್ದರಿಂದ ಹನ್ನೊಂದಕ್ಕೆ ಮಾತ್ರ ಹಾಕಬೇಕಾಯಿತು.

ಮೇ 12, ಮಂಗಳವಾರ

ಕೊರೊಗ್ವೆಯ ಶಾಲೆಯಲ್ಲಿ ನನ್ನ ಕಾದಂಬರಿಯ ನಾಟಕ. ಎಂದರೆ ತಿಟೋನ ಕೈಪಿಡಿಯ ನಾಟಕ. ನೀಲಿ ಬಟ್ಟೆಯನ್ನು ಇಬ್ಬರು ಎರಡು ತುದಿಯಲ್ಲಿ ಹಿಡಿದು ಅಲೆಯೆಬ್ಬಿಸಿದರು. ಬಟ್ಟೆ ಅಗ್ಗದ್ದು, ಒಂದು ಕಡೆ ಇಸ್ತ್ರಿ ಸುಟ್ಟ ಕಲೆ. ಮ್ವಾನಾಶಾಳಾದ ಹುಡುಗಿ ಅದರ ಕೆಳಗೆ ನಿಧಾನವಾಗಿ ಮರೆಯಾದಳು. ಒಂದು ಕೈ ಮಾತ್ರ ಹೊರಗುಳಿಯಿತು. ಬಹಳ ಹೊತ್ತು ಉಳಿಯಿತು. ಆಮೇಲೆ ಅದೂ ಇಳಿಯಿತು. ಸಭೆಯಲ್ಲಿ ಅಡುಗೆಯವರವರೆಗೆ ಎಲ್ಲರೂ ಅತ್ತರು. ಇಂತಹ ಅಳು ಬಲು ಸುಲಭದ ಅಳು, ಈರುಳ್ಳಿಯೂ ತರಿಸಬಲ್ಲದು.

ಆ ಕೈ ಯಾರ ಉಪಾಯವೆಂದು ವಿಚಾರಿಸಿದೆ. ಹುಡುಗಿಯದೇ ಅಂತೆ. ಕೈಪಿಡಿಯಲ್ಲಿ ಅದು ಇಲ್ಲ.

ಮುಖ್ಯಸ್ಥರು ಹೆಗಲ ಮೇಲೆ ನಿಲುವಂಗಿ ಹೊದಿಸಿದರು. ಭಾರವಾದದ್ದು, ಅಂಚಿಗೆ ಕಸೂತಿಯಿದೆ. ಸಹಿ ಹಾಕಿ ಹೆಬ್ಬೆರಳು ನೋಯುತ್ತಿದೆ.

ಜೂನ್ 3, ಬುಧವಾರ

ಕ್ಷೌರಿಕ ಸರದಿಯಲ್ಲಿದ್ದವರನ್ನು ಸರಿಸಿ ನನ್ನನ್ನು ಕೂರಿಸಿದ. ಅನುಚಿತ. ನಿಲುವಂಗಿಯನ್ನು ತೊಟ್ಟು ಹೋಗಿದ್ದೆ, ಗಾಳಿಯಲ್ಲಿ ಶೀತವಿತ್ತು.

ಬಾನುಲಿಯವರು ಬರುವ ವಾರ ಬರುತ್ತಾರೆ.

ಜುಲೈ 14, ಮಂಗಳವಾರ

ಸುಟ್ಟ ಎಣ್ಣೆಯ ವಾಸನೆ ಮೊದಲು ಬಂತು. ಅದರ ಹಿಂದೆಯೇ ಹೆಂಗಸು ಬಂದಳು. ಸೊಮೋಯೆ ಎಂದು ಹೆಸರು. ಮೀನುಕಟ್ಟೆಯ ಬಳಿ ಮರಗೆಣಸು ಕರಿದು ಮಾರುತ್ತಾಳೆ; ಸಂಜೆ ತಿಟೋನ ಶಾಲೆಯಲ್ಲಿ ಓದುತ್ತಾಳೆ. ಮೂವತ್ತೊಂಬತ್ತು ವರ್ಷ. ಸೂಲಗಿತ್ತಿಯರ ತರಬೇತಿಗೆ ನಲವತ್ತು ದಾಟಿದವರನ್ನು ತೆಗೆದುಕೊಳ್ಳುವುದಿಲ್ಲ; ಅದಕ್ಕೆ ಪ್ರೌಢಶಾಲೆಯ ಪರೀಕ್ಷೆ ತೇರ್ಗಡೆಯಾಗಿರಬೇಕು. ಆದುದರಿಂದ ಇದೇ ಅವಳ ಕೊನೆಯ ವರ್ಷ. ಪೂರ್ವಪರೀಕ್ಷೆಯಲ್ಲಿ ಗೆದ್ದವರ ಹೆಸರನ್ನು ಮಾತ್ರ ತಿಟೋ ಮುಖ್ಯ ಪರೀಕ್ಷೆಗೆ ಕಳುಹಿಸುತ್ತಾನೆ. ಇವಳಿಗೆ ಹದಿನಾಲ್ಕು ಅಂಕ ಸಾಲದೆ ಬಂದಿದೆ. ಕಾರಣ, "ಮ್ವಾನಾಶಾಳ ಸಾವು ಏನನ್ನು ಬೋಧಿಸುತ್ತದೆ?" ಎಂಬ ಇಪ್ಪತ್ತು ಅಂಕಗಳ ಪ್ರಶ್ನೆಗೆ ಇವಳ ಉತ್ತರ: ಅವಳು ಸಾಯಲಿಲ್ಲ. ದೊರೆತದ್ದು ಸೊನ್ನೆ.

ಕೈಪಿಡಿಯನ್ನು ಏಕೆ ಓದಲಿಲ್ಲವೆಂದು ಕೇಳಿದೆ.

"ಪುಸ್ತಕಾನೇ ಇರೋವಾಗ ಕೈಪಿಡಿ ಯಾಕ್ರೀ? ಮನೇಲಿ ಮೀನಿರೋವಾಗ ಮೀನಿನ ಚಿತ್ರ ಹುರೀತಾರಾ?"

ಗಂಟನ್ನು ಬಿಚ್ಚಿ 'ಇಳಿತದ ದಾರಿ'ಯನ್ನು ಹೊರತೆಗೆದಳು. 1987ರ ಪ್ರತಿ. ರಟ್ಟಿಲ್ಲ, ಅಂಚುಗಳು ಎಣ್ಣೆ ಹೀರಿ ಕಂದಿವೆ. ಆದರೆ ಕೊನೆಯ ಹಾಳೆಯಿದೆ. ಇಪ್ಪತ್ತು ವರ್ಷಗಳಿಂದ ನಾನು ಅದನ್ನು ಕಂಡಿರಲಿಲ್ಲ.

"ಹದಿನಾರು ವರ್ಷದ ಹಿಂದೆ ಗಂಡನ್ ಮನೆ ಬಿಟ್ಟಾಗ ಗಂಟಲ್ಲಿ ಇದೊಂದು, ಒಂದು ಬಟ್ಟೆತುಂಡು. ವಾಪಸ್ ಹೋಗ್ಬಿಡೋಣ ಅಂತ ಮೂರು ಸಲ ಅನ್ನಿಸ್ತು. ಮೂರು ಸಲಾನೂ ಈ ಹಾಳೆ ಓದ್ದೆ. ನಮ್ಮ ಶಾಲೆ ಮೇಷ್ಟ್ರು ಒಳ್ಳೇವ್ರೇ. ಬರೆದೋರ ಕೈಲೇ ಒಂದು ಪತ್ರ ತಗೊಂಡ್ ಬಾ, ಅಂಕ ಕೊಡ್ತೀನಿ ಅಂದ್ರು. ಅವಳು ದಾಟಿದ್ಲು ಅಂತ ಒಂದು ಗೆರೆ ಬರ್ಕೊಡಿ. ಅಷ್ಟೇ."

ಹೆಸರುಗಳನ್ನು ಕಳುಹಿಸಲು ಆಗಸ್ಟ್ 31 ಕಡೆಯ ದಿನ. ಬರೆಯುತ್ತೇನೆಂದೆ. ಆದರೆ ಪುಟವನ್ನು ಪರಿಶೀಲಿಸದೆ ಸಹಿ ಹಾಕುವುದು ನನ್ನ ಪದ್ಧತಿಯಲ್ಲ. ಪುಸ್ತಕವನ್ನು ಇಟ್ಟು ಹೋಗಲು ಹೇಳಿದೆ. ಅವಳು ಸ್ವಲ್ಪ ಹಿಂದೆಮುಂದೆ ನೋಡಿ ಇಟ್ಟು ಹೋದಳು. ಮೇಜಿನ ಮೇಲೆ ಎಣ್ಣೆಯ ಗುರುತು ಉಳಿದಿದೆ.

ಜುಲೈ 20, ಸೋಮವಾರ

ಕೊನೆಯ ಹಾಳೆಯನ್ನು ಓದಿದೆ. ಗದ್ಯ ಸಡಿಲ. ಚಹದಂಗಡಿಯ ಭಾಗ ಅನಗತ್ಯವಾಗಿ ಉದ್ದ. ಅಂದು ನನಗೆ ನಲವತ್ತೇಳು. ಮುಕ್ತಾಯದ ಶಿಲ್ಪ ಇನ್ನೂ ಕೈಗೂಡಿರಲಿಲ್ಲವೆಂದು ತೋರುತ್ತದೆ.

ಆಗಸ್ಟ್ 5, ಬುಧವಾರ

ನಾನು ಲುಶೋಟೋದ ಸಮಾರಂಭಕ್ಕೆ ಹೋಗಿದ್ದಾಗ ಸೊಮೋಯೆ ಎರಡು ಬಾರಿ ಬಂದಿದ್ದಳಂತೆ. ಮರಗೆಣಸಿನ ಪೊಟ್ಟಣವೊಂದನ್ನು ಇಟ್ಟು ಹೋಗಿದ್ದಾಳೆ. ಲಂಚದ ವಾಸನೆ ಹೊಡೆಯುತ್ತದೆ. ಬಿಸಿಯಾಗಿದ್ದರೆ ರುಚಿಯಾಗಿರುತ್ತಿತ್ತು.

ಮಧ್ಯಾಹ್ನ ಗಾಸ್ಪರನ ಕರೆ. ನನ್ನ ಬಳಿ ಪೂರ್ಣ ಪ್ರತಿಯಿದೆಯೆಂದು ಕಳೆದ ತಿಂಗಳು ತಿಳಿಸಿದ್ದೆ. ಅವನು ಅದಕ್ಕೆ ಹಿಗ್ಗುತ್ತಾನೆಂದು ಎಣಿಸಿದ್ದೆ.

"ಅದೇ ಈಗ ತೊಂದರೆ, ಹಿರಿಯರೇ. ದೇಶದ ಮಕ್ಕಳೆಲ್ಲ ಅವಳನ್ನ ಮುಳುಗಿಸಿ ಆಯ್ತು. ಈಗ ನಿಮ್ಮ ಪುಸ್ತಕದಲ್ಲಿ ಅವಳು ಎದ್ದು ಚಹ ಕಾಯಿಸ್ತಾ ಕೂತ್ರೆ ಗಲಾಟೆ ಆಗತ್ತೆ. ಗಲಾಟೆ ಆದ ಪುಸ್ತಕಾನ ಸಮಿತಿಯೋರು ಪಟ್ಟಿಯಿಂದ ತೆಗೀತಾರೆ. ಕೈಪಿಡಿ ತಿದ್ದೋಕಿಂತ ಕಾದಂಬರಿ ತಿದ್ದೋದು ಸುಲಭ. ಒಂದು ಹಾಳೆ ತಾನೇ?"

ಲೇಖಕನನ್ನು ಏನೆಂದುಕೊಂಡಿದ್ದಾನೆ ಈ ಗುಮಾಸ್ತ! ದೂರವಾಣಿಯನ್ನು ಕುಕ್ಕಿದೆ. ಹತ್ತು ನಿಮಿಷಗಳ ಬಳಿಕ ನಾನೇ ಮತ್ತೆ ಕರೆ ಮಾಡಬೇಕಾಯಿತು; ಪಟ್ಟಿಯಿಂದ ತೆಗೆಯುವ ಮಾತು ಎಷ್ಟರಮಟ್ಟಿಗೆ ಖಚಿತವೆಂದು ತಿಳಿಯುವುದಕ್ಕಾಗಿ ಮಾತ್ರ.

ಆಗಸ್ಟ್ 8, ಶನಿವಾರ

ಸೊಮೋಯೆಗೆ ಪತ್ರ ಬರೆಯಬೇಕು. ಲೇಖನಿಯ ಮಸಿ ತಿಳಿಯಾಗಿದೆ. ಹೊಸದನ್ನು ತರಿಸಬೇಕು.

ಆಗಸ್ಟ್ 11, ಮಂಗಳವಾರ

ಮೂರು ಕರಡುಗಳನ್ನು ಹರಿದೆ. "ದಾಟಿದಳು" ಎಂದು ಬರೆದು ಸಹಿ ಹಾಕಿದರೆ ಆ ಕಾಗದ ತಿಟೋನ ಕಪಾಟಿನಲ್ಲಿ ಶಾಶ್ವತವಾಗಿ ಉಳಿಯುತ್ತದೆ. ನಾಳೆ ಪುಸ್ತಕ ಬೇರೇನನ್ನೋ ಹೇಳಿತೆನ್ನಿ. ಹೇಳುತ್ತದೆಂದಲ್ಲ. ಆದರೆ ಒಂದು ಕೃತಿಯ ಬಗ್ಗೆ ಲೇಖಕನ ಎರಡು ಲಿಖಿತ ಹೇಳಿಕೆಗಳು ಇರಕೂಡದು. ಇದು ಶಿಸ್ತಿನ ಪ್ರಶ್ನೆ. ಕರಿದ ಮರಗೆಣಸು ಮಾರುವವರಿಗೆ ಇದು ಅರ್ಥವಾಗಲಾರದು.

ಆಗಸ್ಟ್ 16, ಭಾನುವಾರ

ದಾರ್ ಎಸ್ ಸಲಾಮಿನಿಂದ ಈಗ ತಾನೇ ಬಂದೆ. ನಿನ್ನೆಯ ಸಭೆಯ ವಿವರವನ್ನು ಬರೆದಿಡಬೇಕು, ನಾಳೆಗೆ ಮಸುಕಾಗುತ್ತದೆ.

ವೇದಿಕೆಯ ಹಿಂದೆ ನನ್ನ ಚಿತ್ರ, ಆಳೆತ್ತರದ್ದು. ನಾನು ಒಳಬಂದಾಗ ಆರುನೂರು ಜನ ಎದ್ದು ನಿಂತರು. ಇಪ್ಪತ್ತೆರಡು ವರ್ಷಗಳಲ್ಲಿ ನಾನು ಬಂದಾಗ ಎದ್ದವರೆಂದರೆ ಹೊರಡುವವರು. ನನ್ನ ಕಾಲದ ಲೇಖಕರು ಇಬ್ಬರು ನಾಲ್ಕನೆಯ ಸಾಲಿನಲ್ಲಿದ್ದರು. ಒಬ್ಬ ಒಂಬತ್ತು ಕಾದಂಬರಿ ಬರೆದವನು, ಇನ್ನೊಬ್ಬ ನನ್ನನ್ನು ಒಮ್ಮೆ ಪತ್ರಿಕೆಯಲ್ಲಿ ಹಲ್ಲಿಲ್ಲದ ಹುಲಿ ಎಂದವನು. ಅವರೂ ಎದ್ದರು. ತಡವಾಗಿ ಎದ್ದರು, ನಾನು ಗಮನಿಸಿದೆ.

ಕಾಲೇಜಿನ ತರುಣಿಯೊಬ್ಬಳು ಕೇಳಿದಳು: "ಮ್ವಾನಾಶಾ ಮುಳುಗೋದನ್ನ ಬರೆಯೋವಾಗ ನಿಮಗೆ ಏನನ್ನಿಸ್ತು ಸರ್?"

ಆರುನೂರು ಮುಖಗಳು ನನ್ನ ಕಡೆ ತಿರುಗಿದ್ದವು. ಅಂತಹ ಹೊತ್ತಿನಲ್ಲಿ ನಕಲುಯಂತ್ರ, ಹರಿದ ಹಾಳೆ ಎಂದು ಹೇಳುತ್ತ ಕೂರುವುದು ಅರಸಿಕತನ. ಆ ದಿನ ನಾನು ಊಟ ಮಾಡಲಿಲ್ಲವೆಂದೆ. ನೀರಿನಿಂದ ಹೊರಗುಳಿದ ಒಂದು ಕೈ ಬಹಳ ಕಾಲ ನನ್ನ ಕಣ್ಣಿನಲ್ಲಿತ್ತೆಂದೆ. ಬಹಳ ಹೊತ್ತು ಚಪ್ಪಾಳೆ.

ಇದು ಸುಳ್ಳಲ್ಲ. ಈಗ ನೆನಪಾಗುತ್ತಿದೆ: ಮೊದಲ ಕರಡಿನಲ್ಲಿ ಅವಳು ಮುಳುಗುತ್ತಿದ್ದಳು. ಬಹುಶಃ ಅಂದಿನ ಸಂಪಾದಕನೇ ದಾಟಿಸಿದ್ದಿರಬೇಕು. ಅವನೀಗ ಬದುಕಿಲ್ಲ.

ಆಗಸ್ಟ್ 20, ಗುರುವಾರ

ಪೂರ್ಣ ಪ್ರತಿಯನ್ನು ಗಾಸ್ಪರನಿಗೆ ಅಂಚೆಯಲ್ಲಿ ಕಳುಹಿಸಿದೆ. ಅಕ್ಷರ ಜೋಡಿಸುವವರಿಗೆ ನಕಲಿಗಿಂತ ಮೂಲ ಉತ್ತಮ. ಸೊಮೋಯೆ ಮತ್ತೆ ಬಂದಿದ್ದಳು. ಒಳಗಿದ್ದೆ, ಮೈಗೆ ಹಿತವಿರಲಿಲ್ಲ.

ಸೆಪ್ಟೆಂಬರ್ 2, ಬುಧವಾರ

ಉಪವಾಸದ ತಿಂಗಳು ನಡೆಯುತ್ತಿದೆ. ಮಧ್ಯಾಹ್ನದ ಪ್ರಾರ್ಥನೆ ಮುಗಿಸಿ ಬಂದಾಗ ಸೊಮೋಯೆ ಜಗುಲಿಯ ಮೇಲೆ ಕುಳಿತಿದ್ದಳು. ಎಣ್ಣೆಯ ವಾಸನೆ ಇರಲಿಲ್ಲ. ಈ ತಿಂಗಳು ಹಗಲಿನಲ್ಲಿ ಬಾಣಲೆಗೆ ರಜ. ತುಟಿ ಒಣಗಿತ್ತು. ಅವಳೂ ಉಪವಾಸದಲ್ಲಿದ್ದಳು, ನೀರು ಬೇಕೆ ಎಂದು ಕೇಳುವ ಸೌಜನ್ಯಕ್ಕೂ ಅವಕಾಶವಿಲ್ಲ.

ಪಟ್ಟಿ ಸೋಮವಾರವೇ ಹೋಯಿತಂತೆ. ತಿಟೋ ಅಂದು ಕಚೇರಿ ಮುಚ್ಚುವವರೆಗೆ ಇವಳಿಗಾಗಿ ಕಾದನಂತೆ. ಅಂಚೆಯ ವಿಳಂಬ, ನನ್ನ ಆರೋಗ್ಯ, ಪ್ರವಾಸಗಳು ಎಂದು ನಾನು ಕ್ರಮವಾಗಿ ವಿವರಿಸಿದೆ. ಅವಳು ಎಲ್ಲವನ್ನೂ ಕೇಳಿಸಿಕೊಂಡಳು. ಮುಗಿದ ಮೇಲೆ ಕೈ ಚಾಚಿದಳು.

"ನನ್ ಪುಸ್ತಕ ಕೊಡಿ."

ಅದು ಅಚ್ಚಿನ ಮನೆಯಲ್ಲಿದೆ, ಹೊಸ ಮುದ್ರಣ ಬಂದಾಗ ಮೊದಲ ಪ್ರತಿಯನ್ನು ಸಹಿಯೊಂದಿಗೆ ಕೊಡುತ್ತೇನೆ ಎಂದೆ. ಇದಕ್ಕಿಂತ ಹೆಚ್ಚಿನ ಗೌರವವನ್ನು ನಾನು ಯಾರಿಗೂ ಸೂಚಿಸಿದ್ದಿಲ್ಲ.

"ಹೊಸದರಲ್ಲಿ ಅವಳು ದಾಟ್ತಾಳಾ?"

ಅದು ಪರಿಷ್ಕರಣೆಯ ಹಂತದಲ್ಲಿದೆಯೆಂದೆ.

ಅವಳು ನನ್ನನ್ನು ನೋಡಲಿಲ್ಲ. ಬೀದಿಯ ಕಡೆ ಮುಖ ಮಾಡಿ, ಶಾಲೆಯ ಮಕ್ಕಳು ಪಾಠ ಒಪ್ಪಿಸುವಂತೆ, ಏರಿಳಿತವಿಲ್ಲದೆ ಹೇಳತೊಡಗಿದಳು:

"'ನೀರು ಮೊಣಕಾಲಿಗೆ ಬಂದು ನಿಂತಿತು, ಅದಕ್ಕಿಂತ ಮೇಲೇರುವ ಧೈರ್ಯ ಅದಕ್ಕಿರಲಿಲ್ಲ. ಆಚೆ ದಡದ ಮರಳಿನ ಮೇಲೆ ಮ್ವಾನಾಶಾ ತಲೆಯಿಂದ ಚಪ್ಪಲಿಗಳನ್ನು ಇಳಿಸಿ ಮೆಟ್ಟಿಕೊಂಡಳು. ಹಿಂದೆ ನೋಡಲಿಲ್ಲ. ನೋಡಲು ಅಲ್ಲಿ ಏನಿತ್ತು?'"

"'ಒದ್ದೆ ಮರಳಿನ ಮೇಲೆ'," ಎಂದೆ. "ಒಂದು ಪದ ಬಿಟ್ಟೆ."

ಆಗ ತಿರುಗಿ ನೋಡಿದಳು.

"ನೆನಪಿದೆ ಹಂಗಾದ್ರೆ ನಿಮಗೆ."

ಎದ್ದು ಸೆರಗನ್ನು ಕೊಡವಿದಳು. ಮೆಟ್ಟಿಲಿಳಿಯುವಾಗ ಹೇಳಿದಳು: "ಉಪವಾಸದಲ್ಲಿ ಬೈಬಾರ್ದು ಮೇಷ್ಟ್ರೇ, ಪುಣ್ಯ ಹೋಗತ್ತೆ. ಹಬ್ಬ ಆಗ್ಲಿ. ಬೈಯಕ್ಕೇ ಅಂತ ಒಂದಿನ ಬರ್ತೀನಿ."

ಹಿರಿಯರೊಡನೆ ಮಾತನಾಡುವ ರೀತಿಯೇ ಇವರಿಗೆ ತಿಳಿಯದು. ಪರೀಕ್ಷೆಗೆ ಕುಳಿತರೂ ಸೂಲಗಿತ್ತಿಯಾಗಲು ಬೇಕಾದ ಸಂಯಮ ಇವಳಲ್ಲಿ ಇತ್ತೇ ಎಂಬುದು ಬೇರೆ ಪ್ರಶ್ನೆ.

ಸೆಪ್ಟೆಂಬರ್ 3, ಗುರುವಾರ

ಪುಸ್ತಕವನ್ನು ಕಳುಹಿಸುವ ಮೊದಲು ಪುಟವಾರು ಬರೆದಿಟ್ಟುಕೊಂಡ ಟಿಪ್ಪಣಿಗಳಿದ್ದುದರಿಂದ ಬೆಳಗ್ಗೆಯಿಂದ ಕೆಲಸ ಸರಾಗವಾಗಿ ಸಾಗಿತು. ಒಂದು ಇಸವಿಯನ್ನು ಮುಟ್ಟಿದರೆ ಉಳಿದವೆಲ್ಲ ಅಲುಗಾಡುತ್ತವೆ; ಇದನ್ನು ಗಾಸ್ಪರನಂಥವರಿಗೆ ಬಿಡುವಂತಿಲ್ಲ. ಒಂದಕ್ಕೊಂದು ತಾಳೆಯಾಗುವವರೆಗೆ ಬಿಡದೆ ಮಾಡಿದೆ. ಅಂಚೆಗೆ ಹಾಕಿದ ಒಪ್ಪೋಲೆಯ ಪ್ರತಿ ಇಲ್ಲಿದೆ.

'ಇಳಿತದ ದಾರಿ', ಎರಡನೆಯ ಮುದ್ರಣಕ್ಕೆ ತಿದ್ದಿದ ದಿನಾಂಕಗಳು:

ಒಳರಟ್ಟು: ಮೊದಲ ಮುದ್ರಣ 1986 ಅಲ್ಲ, 1987, ಮಾರ್ಚ್.

ಪುಟ 7: ಮ್ವಾನಾಶಾಳ ಜನನ 1937 ಅಲ್ಲ, 1938.

ಪುಟ 31: ಮದುವೆ 1954, ಮೇ ಅಲ್ಲ, 1955, ಜೂನ್.

ಪುಟ 40: ತಂದೆಯ ಮರಣ 1954, ಡಿಸೆಂಬರ್ ಅಲ್ಲ, 1955, ಡಿಸೆಂಬರ್.

ಪುಟ 96: ಗಂಡ ಮೇಸ್ತ್ರಿಯಾದದ್ದು 1956 ಅಲ್ಲ, 1957.

ಪುಟ 140: ಅಳಿವೆಗೆ ಇಳಿದದ್ದು 1959, ಸೆಪ್ಟೆಂಬರ್ 14. ಸರಿಯಾಗಿದೆ.

ಪುಟ 141: ಆಚೆ ದಡ ಮುಟ್ಟಿದ್ದು ಅದೇ ದಿನ, ಸಂಜೆ. ತೆಗೆಯುವುದು.

ಪುಟ 142: ಚಹದಂಗಡಿ ತೆರೆದದ್ದು 1961, ಡಿಸೆಂಬರ್. ತೆಗೆಯುವುದು.

ಹೊಸದಾಗಿ ಸೇರಿಸುವುದು: ಮ್ವಾನಾಶಾಳ ಮರಣ 1959, ಸೆಪ್ಟೆಂಬರ್ 14.